ಡಿಸ್ಕ್‌ನಿಂದ ಹಿಡಿಕೆಯವರೆಗೆ: ಎಂಟು ಚಕ್ರದ ನೀರುಗಾಡಿಯ ಬ್ರೇಕ್ ಸರಿಮಾಡುವ ಬಗೆ

ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಈ ಲೇಖನ ಬೇಗ ಅರ್ಥವಾಗುತ್ತದೆ. ಟ್ರ್ಯಾಕ್ಟರ್‌ಗೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಬದುವಿನ ಹತ್ತಿರ ಬಂದಾಗ ಒಂದನ್ನಷ್ಟೇ ತುಳಿದರೆ ಗಾಡಿ ಅಲ್ಲೇ ಗಿರಕ್ಕನೆ ತಿರುಗುತ್ತದೆ. ರಸ್ತೆಗೆ ಬಂದರೆ ಎರಡನ್ನೂ ಕೊಂಡಿ ಹಾಕಿ ಸೇರಿಸಬೇಕು. ಮರೆತು ಜೋರಾಗಿ ಹೋಗುವಾಗ ಒಂದೇ ಕಡೆ ತುಳಿದರೆ ಪಲ್ಟಿ.

ಕೆನಡಾದ ಒಂಟಾರಿಯೋದಲ್ಲಿ ನಾನು ಓಡಿಸುವ ಎಂಟು ಚಕ್ರದ ಗಾಡಿಗೆ ಆ ಕೊಂಡಿಯೂ ಇಲ್ಲ, ಸ್ಟೀರಿಂಗೂ ಇಲ್ಲ. ಎರಡು ಲಿವರ್, ಅಷ್ಟೇ. ಎಡದ್ದು ಎಳೆದರೆ ಎಡಕ್ಕೆ, ಬಲದ್ದು ಎಳೆದರೆ ಬಲಕ್ಕೆ, ಎರಡೂ ಎಳೆದರೆ ನಿಲ್ಲಬೇಕು. ಪ್ಲಾಸ್ಟಿಕ್ ತೊಟ್ಟಿಯಂಥ ಮೈ, ದಪ್ಪ ಮೆತ್ತನೆ ಟೈರು. ಕಾಡು, ಕೆಸರು ದಾಟಿ ಹಾಗೇ ಕೆರೆಗೆ ಇಳಿಯುತ್ತದೆ, ಅಲ್ಲಿ ಟೈರಿನ ಹಲ್ಲುಗಳೇ ಹುಟ್ಟು ಹಾಕಿದ ಹಾಗೆ ನೀರನ್ನು ತಳ್ಳಿಕೊಂಡು ನಾವು ನಡೆಯುವಷ್ಟು ವೇಗದಲ್ಲಿ ಆ ದಡಕ್ಕೆ ಮುಟ್ಟಿಸುತ್ತದೆ. ಈ ಜಾತಿಯ ಗಾಡಿಗಳಿಗೆ ಇದೇ ತವರು. ಇದೇ ಜಾತಿಯ ಜಿಗರ್ ಅನ್ನೋ ಗಾಡಿ 1960ರ ದಶಕದ ಶುರುವಿನಲ್ಲಿ ಕೆನಡಾದಲ್ಲೇ ಬಂತು. ಆರ್ಗೋ ಅನ್ನೋ ಇಂಥದ್ದೇ ಗಾಡಿ ಮಾಡುವ ಒಂಟಾರಿಯೋ ಡ್ರೈವ್ ಅಂಡ್ ಗೇರ್ ಕಂಪನಿ ಹುಟ್ಟಿದ್ದು 1962ರಲ್ಲಿ, ಮೊದಲ ಆರ್ಗೋ ಬಂದಿದ್ದು 1967ರಲ್ಲಿ. ಅದರ ಊರು ನ್ಯೂ ಹ್ಯಾಂಬರ್ಗ್, ನಾನಿರುವ ಕಿಚನರ್‌ನಿಂದ ದೂರವೇನಿಲ್ಲ.

ನನ್ನದು ಯಾವ ಕಂಪನಿಯದ್ದು ಅನ್ನೋದು ಬೇಡ ಬಿಡಿ, 1980ರ ದಶಕದ ಗಾಡಿ, ಎಷ್ಟು ಕೈ ದಾಟಿ ಬಂತೋ ಲೆಕ್ಕವಿಲ್ಲ, ತಪ್ಪು ಕಂಪನಿಯದ್ದಲ್ಲ. ಕಳೆದ ಏಪ್ರಿಲ್‌ನಲ್ಲಿ ಹಿಮ ಕರಗಿ ಜೌಗು ತುಂಬಿತ್ತು. ಎಡ ಲಿವರ್ ಹೊಟ್ಟೆಗೆ ತಾಗುವವರೆಗೆ ಎಳೆದರೂ ಗಾಡಿ ಎಡಕ್ಕೆ ತಿರುಗಲಿಲ್ಲ. ಗಾಬರಿಯಾಗಿ ಎರಡನ್ನೂ ಎಳೆದೆ. ನಿಲ್ಲೋದು ಬಿಟ್ಟು ಬಲಕ್ಕೆ ಸುತ್ತಿ ಜೊಂಡಿನೊಳಗೆ ನುಗ್ಗಿತು.

ಯಾಕೆ ಹಾಗಾಯಿತು ಅನ್ನೋದು ಮೊದಲು ತಲೆಗೆ ಹೋಗಬೇಕು. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಒಳಗೆ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಕಡೆಗೂ ಹಂಚುವ ಗೇರು) ಇದೆ, ಅದರ ಎರಡು ಪಕ್ಕದಲ್ಲಿ ಒಂದೊಂದು ಡಿಸ್ಕ್, ಅಂದರೆ ಬ್ರೇಕ್ ಹಿಡಿಯುವ ತಟ್ಟೆ. ಒಂದು ಕಡೆ ಹಿಡಿದರೆ ಆ ಕಡೆ ಕಳೆದುಕೊಂಡ ವೇಗ ಇನ್ನೊಂದು ಕಡೆಗೆ ಹೋಗಿ ಸೇರುತ್ತದೆ. ಹಾಗಾಗಿ ಒಂದು ಬ್ರೇಕ್ ಕೆಟ್ಟರೆ ಅರ್ಧ ಬ್ರೇಕ್ ಉಳಿದಿದೆ ಅಂದುಕೊಳ್ಳಬೇಡಿ. ನಿಲ್ಲಿಸೋಕೆ ಬ್ರೇಕೇ ಇಲ್ಲ, ಒಂದು ಕಡೆ ತಿರುಗಿಸೋಕೆ ಮಾತ್ರ ಇದೆ. ಇಳಿಜಾರಿನಲ್ಲಿ ಹೀಗಾದರೆ ಗಾಡಿ ಅಡ್ಡ ತಿರುಗುತ್ತದೆ, ಆಮೇಲೆ ಏನಾಗುತ್ತೆ ಅಂತ ಹೇಳಬೇಕಿಲ್ಲ ಅಲ್ವಾ. ಜೊತೆಗೆ ಕಾರಿನಲ್ಲಿ ಬ್ರೇಕ್ ಬಳಸುವುದು ನಿಲ್ಲಿಸುವಾಗ ಮಾತ್ರ, ಇಲ್ಲಿ ಪ್ರತಿ ತಿರುವಿಗೂ ಬ್ರೇಕೇ ಬೇಕು. ಸವೆಯೋದು ಬೇಗ.

ಇದು ಯಾವ ಗಾಡಿಗೆ

ಲಿವರ್‌ನಿಂದ ಕೇಬಲ್ ಅಥವಾ ಕಬ್ಬಿಣದ ಸರಳು ಹೋಗಿ ಕ್ಯಾಲಿಪರ್ (ಡಿಸ್ಕನ್ನು ಎರಡು ಪ್ಯಾಡ್ ನಡುವೆ ಅದುಮಿ ಹಿಡಿಯುವ ಭಾಗ) ಮೇಲಿನ ತೋಳನ್ನು ಎಳೆಯುವ ಗಾಡಿಗೆ. ಲಿವರ್ ಅಥವಾ ಹ್ಯಾಂಡಲ್ ಹತ್ತಿರ ಬ್ರೇಕ್ ಆಯಿಲ್ ಡಬ್ಬಿ ಕಂಡರೆ ನಿಮ್ಮದು ಹೈಡ್ರಾಲಿಕ್. ಅದರಲ್ಲಿ ಗಾಳಿ ತೆಗೆಯುವ ಕೆಲಸ, ಸೀಲ್ ಬದಲಾಯಿಸುವ ಕೆಲಸ ಎಲ್ಲ ಬೇರೆ. ಅಮೆರಿಕದ ಮ್ಯಾಕ್ಸ್ ಗಾಡಿಗಳಲ್ಲಿ ಟಿ-20 ಅನ್ನೋ ಗೇರ್‌ಬಾಕ್ಸ್ ಇರುತ್ತದೆ. ಅದರಲ್ಲಿ ಬ್ರೇಕ್ ಅಂದರೆ ಆಯಿಲ್ ಒಳಗೆ ಮುಳುಗಿರುವ ಪಟ್ಟಿ, ಡಿಸ್ಕ್ ಪ್ಯಾಡ್ ಅಲ್ಲ. ಆ ಗಾಡಿ ಇರುವವರಿಗೆ ಇಲ್ಲಿ ಲಿವರ್, ಪಿನ್ ಬಗ್ಗೆ ಹೇಳಿರೋದಷ್ಟೇ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಸಿಕ್ಕರೆ ಅಲ್ಲಿನ ಅಳತೆಯೇ ಕೊನೆ ಮಾತು. ನಾನು ಕೊಡುವ ಅಳತೆಗಳು ನನ್ನ ಗಾಡಿಗೆ ಹೊಂದಿದವು.

ಮೊದಲು ಟೈರಿನ ಗಾಳಿ ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಈ ಕೆಲಸ. ಈ ಟೈರುಗಳಲ್ಲಿ ಇರೋದೇ 2ರಿಂದ 5 ಪಿಎಸ್‌ಐ ಗಾಳಿ. ಒಂದು ಕಡೆ 2, ಇನ್ನೊಂದು ಕಡೆ 4 ಇದ್ದರೆ ಟೈರಿನ ಸುತ್ತಳತೆಯೇ ಬೇರೆಯಾಗಿ ಗಾಡಿ ಸುಮ್ನೆ ಒಂದು ಕಡೆ ಎಳೆಯುತ್ತದೆ. ನೀವು ಬ್ರೇಕ್ ಹಿಡಿದುಕೊಂಡಿದೆ ಅಂತ ಇಡೀ ಭಾನುವಾರ ಬಿಚ್ಚಿ ಕೂರುತ್ತೀರಿ. ಕಾರಿನ ಗೇಜ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಮುಳ್ಳು ಇಷ್ಟು ಕಡಿಮೆ ಗಾಳಿಗೆ ಅಲ್ಲಾಡುವುದೇ ಇಲ್ಲ. 10 ಪಿಎಸ್‌ಐವರೆಗೆ ಮಾತ್ರ ತೋರಿಸುವ ಗೇಜ್ ತಗೊಳ್ಳಿ. ಎಂಟೂ ಟೈರು ಸರಿಸಮ ಮಾಡಿ, ಆಮೇಲೆ ಮುಂದಿನ ಮಾತು.

ಬಿಚ್ಚುವ ಮುಂಚೆ ಹತ್ತು ನಿಮಿಷ ಓಡಿಸಿ

ಸಮತಟ್ಟಾದ ಜಲ್ಲಿ ಜಾಗ, ಸುತ್ತ ಯಾರೂ ಇರಬಾರದು, ಕೆಳಗಿನ ಗೇರ್, ನಡಿಗೆಯ ವೇಗ. ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು, ನೇರ ಹೋಗಿ ಎರಡೂ ಎಳೆದು ನಿಲ್ಲಿಸಿ. ಏನಾಗುತ್ತದೆ ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ನೆನಪಿರುತ್ತೆ ಅಂತ ನಂಬಬೇಡಿ.

ಲಿವರ್ ತುಂಬಾ ದೂರ ಬರುತ್ತದೆ, ಕೊನೆಯಲ್ಲಿ ಸ್ವಲ್ಪ ಹಿಡಿಯುತ್ತದೆ ಅಂದರೆ ಪ್ಯಾಡ್ ಸವೆದಿದೆ, ಇಲ್ಲವೇ ಸೆಟ್ಟಿಂಗ್ ತಪ್ಪಿದೆ, ಇಲ್ಲವೇ ಡಿಸ್ಕ್ ಬಾಗಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಲಿವರ್ ಗಟ್ಟಿಯಾಗಿದೆ, ಎಷ್ಟು ಎಳೆದರೂ ಗಾಡಿ ಜಾರಿಕೊಂಡೇ ಹೋಗುತ್ತದೆ ಅಂದರೆ ಪ್ಯಾಡ್‌ಗೆ ಜಿಡ್ಡು ಕುಡಿದಿದೆ ಅಥವಾ ಮೇಲ್ಮೈ ಕಾದು ಗಾಜಿನ ಹಾಗೆ ಆಗಿದೆ. ಲಿವರೇ ಅರ್ಧದಲ್ಲಿ ಕಚ್ಚಿಕೊಂಡು ಬಿಟ್ಟರೂ ವಾಪಸ್ ಹೋಗದಿದ್ದರೆ ಕೇಬಲ್ ಒಳಗೆ ತುಕ್ಕು. ಗರಗರ ಅನ್ನೋ ಸದ್ದು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಪರೀಕ್ಷೆ ಅಲ್ಲೇ ನಿಲ್ಲಿಸಿ. ಬರೀ ಕಿರ್ ಅನ್ನೋ ಸದ್ದಾದರೆ ಅಷ್ಟು ಹೆದರಬೇಕಿಲ್ಲ.

ಓಡಿಸಿ ಬಂದ ಮೇಲೆ ಡಿಸ್ಕ್ ಮುಟ್ಟಬೇಡಿ! ಕೈ ಹಿಂಭಾಗವನ್ನು ಹತ್ತಿರ ಹಿಡಿದು ಶಾಖ ನೋಡಿ ಸಾಕು. ಎಡಕ್ಕೂ ಬಲಕ್ಕೂ ಅಷ್ಟಷ್ಟೇ ತಿರುಗಿಸಿದ್ದರೂ ಒಂದು ಡಿಸ್ಕ್ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಎರಡು ಅರ್ಥ. ಬಿಸಿಯಾಗಿರೋದು ಬಿಡುತ್ತಿಲ್ಲ, ಅಥವಾ ತಣ್ಣಗಿರೋದು ಹಿಡಿಯುತ್ತಿಲ್ಲ. ಯಾವುದು ಅಂತ ಗಾಡಿ ಎತ್ತಿ ಟೈರು ಕೈಯಲ್ಲಿ ತಿರುಗಿಸಿದಾಗ ಗೊತ್ತಾಗುತ್ತದೆ.

ಗಾಡಿ ಎತ್ತುವುದು, ಧೂಳು

ನಾನೂರು ಐನೂರು ಕೆಜಿ ಗಾಡಿ ಇದು. ಜ್ಯಾಕ್ ಪ್ಲಾಸ್ಟಿಕ್ ತಳಕ್ಕೆ ಕೊಡಬೇಡಿ, ತೂತಾದರೆ ಮುಂದಿನ ಸಲ ನೀರಿನ ಮಧ್ಯೆ ಗೊತ್ತಾಗುತ್ತದೆ. ಒಳಗಿನ ಕಬ್ಬಿಣದ ಫ್ರೇಮ್ ಎಲ್ಲಿ ಕೂತಿದೆ ನೋಡಿಕೊಂಡು ಅದರ ಕೆಳಗೆ, ಅಗಲವಾದ ಮರದ ಹಲಗೆ ಇಟ್ಟು ಎತ್ತಿ. ಎತ್ತಿದ ಮೇಲೆ ಸ್ಟ್ಯಾಂಡ್ ಮೇಲೆ ಕೂರಿಸಿ. ಟೈರು ಮೆತ್ತಗಿರೋದರಿಂದ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಎತ್ತರ ಎತ್ತಬೇಕಾಗುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಚಳಿ ಅಂತ ಗ್ಯಾರೇಜ್ ಬಾಗಿಲು ಮುಚ್ಚಿ ಎಂಜಿನ್ ಓಡಿಸಬೇಡಿ, ಆ ಹೊಗೆಯಲ್ಲಿನ ವಿಷದ ಗಾಳಿಗೆ ವಾಸನೆಯೇ ಇಲ್ಲ, ಮೂಗನ್ನು ನಂಬಿ ಕೂತರೆ ಆಗಲ್ಲ.

ಇನ್ನು ಧೂಳು. ಹಳೆಯ ಬ್ರೇಕ್ ಪ್ಯಾಡ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಕೆನಡಾದಲ್ಲಿ ಆಸ್ಬೆಸ್ಟಾಸ್ ವಸ್ತುಗಳ ನಿಷೇಧ ಜಾರಿಗೆ ಬಂದಿದ್ದೇ 2018ರ ಕೊನೆಯಲ್ಲಿ. ಹಾಗಾಗಿ ಯಾರೋ ಯಾವಾಗಲೋ ಹಾಕಿದ ಪ್ಯಾಡ್ ಏನು ಅಂತ ನೋಡಿ ಹೇಳಲು ಆಗುವುದಿಲ್ಲ. ಗಾಳಿ ಹೊಡೆದು ಧೂಳು ಹಾರಿಸಬೇಡಿ, ಒಣ ಬ್ರಷ್ ಬೇಡ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರ್‌ಗೆ ಹಾಕಿ ಕಟ್ಟಿ. ಒಳ್ಳೆ ಮಾಸ್ಕ್ ಹಾಕಿಕೊಳ್ಳಿ.

ಡಿಸ್ಕ್ ಮತ್ತು ಚೈನು

ನನ್ನ ಗಾಡಿಯಲ್ಲಿ ಡಿಸ್ಕ್ ಇರೋದು ಗೇರ್‌ಬಾಕ್ಸ್ ಪಕ್ಕದಲ್ಲಿ, ಮೈಯ ಒಳಗೆ. ಅಲ್ಲಿಂದ ಚಕ್ರಗಳಿಗೆ ಚೈನು. ಇದರಿಂದ ಮೂರು ತಾಪತ್ರಯ. ಒಂದು, ಗಾಳಿ ಆಡುವುದಿಲ್ಲ, ಶಾಖ ಅಲ್ಲೇ ಉಳಿದು ಪ್ಯಾಡ್ ಬೇಗ ಗಾಜುಗಟ್ಟುತ್ತದೆ. ಎರಡು, ಚೈನಿಗೆ ಹಾಕಿದ ಎಣ್ಣೆ ಚಿಮ್ಮಿ ಡಿಸ್ಕ್ ಮೇಲೆ ಬೀಳುತ್ತದೆ. ಚೈನಿಗೆ ಧಾರಾಳವಾಗಿ ಎಣ್ಣೆ ಸುರಿಯುವವರ ಬ್ರೇಕ್ ಯಾವಾಗಲೂ ಜಾರುತ್ತಿರುತ್ತದೆ, ನಾನೂ ಅದೇ ಪಂಗಡದವನಾಗಿದ್ದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚೈನು ತುಂಡಾದರೆ ಬ್ರೇಕ್ ಡಿಸ್ಕನ್ನು ಎಷ್ಟು ಗಟ್ಟಿಯಾಗಿ ಹಿಡಿದರೂ ಆ ಕಡೆಯ ಚಕ್ರಕ್ಕೆ ತಲುಪುವುದಿಲ್ಲ. ಅಂದರೆ ಚೈನೂ ಬ್ರೇಕಿನ ಒಂದು ಭಾಗವೇ. ಜೋಡಣೆ ಕೊಂಡಿ, ಅದರ ಕ್ಲಿಪ್, ಸ್ಪ್ರಾಕೆಟ್ ಹಲ್ಲು ಎಲ್ಲ ಈಗಲೇ ನೋಡಿ. ಹಲ್ಲು ಒಂದು ಕಡೆ ಬಾಗಿ ಕೊಕ್ಕಿನ ಹಾಗಾಗಿದ್ದರೆ ಅದರ ಕಾಲ ಮುಗಿದಿದೆ.

ಡಿಸ್ಕನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ಕ್ಲೋರಿನ್ ಇರುವ ಕ್ಲೀನರ್ ಆದರೆ ಹತ್ತಿರ ವೆಲ್ಡಿಂಗ್, ಬೆಂಕಿ ಎರಡೂ ಬೇಡ, ಕಾದರೆ ವಿಷದ ಗಾಳಿ ಬರುತ್ತದೆ. ಆಮೇಲೆ ವರ್ನಿಯರ್‌ನಿಂದ ದಪ್ಪ ಅಳೆಯಿರಿ, ಸುತ್ತ ನಾಲ್ಕು ಕಡೆ. ಎಷ್ಟೋ ಡಿಸ್ಕ್‌ಗಳ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ. ಅದಕ್ಕಿಂತ ತೆಳ್ಳಗಾಗಿದ್ದರೆ ಮಾತೇ ಇಲ್ಲ, ಹೊಸದು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಇದ್ದರೆ ಲೇತ್‌ಗೆ ಕೊಟ್ಟು ಮಟ್ಟ ಮಾಡಿಸಬಹುದು, ಮಾಡಿಸಿದ ಮೇಲೂ ಕನಿಷ್ಠ ದಪ್ಪ ಉಳಿಯುವಂತಿದ್ದರೆ ಮಾತ್ರ. ನೀಲಿ ಕಲೆಗಳಿದ್ದರೆ ಮಿತಿಮೀರಿ ಕಾದಿದೆ.

ಬಾಗಿದೆಯಾ ನೋಡೋಕೆ ಡಯಲ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಗಟ್ಟಿ ತಂತಿಯನ್ನು ಫ್ರೇಮ್‌ಗೆ ಬಿಗಿದು ಅದರ ತುದಿ ಡಿಸ್ಕಿಗೆ ತಾಗಿಯೂ ತಾಗದಂತೆ ಇಡಿ, ಟೈರು ಮೆಲ್ಲಗೆ ತಿರುಗಿಸಿ. ಒಂದು ಜಾಗದಲ್ಲಿ ತಾಗಿ ಇನ್ನೊಂದು ಜಾಗದಲ್ಲಿ ಸಂದು ಕಂಡರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಎಷ್ಟಿದೆ ಅಂತ ಅಳೆಯಿರಿ. ನನ್ನದು 0.3 ಮಿ.ಮೀ. ದಾಟಿತ್ತು. ನೋಡಿದರೆ ಡಿಸ್ಕ್ ಬಾಗಿರಲಿಲ್ಲ, ಅದು ಕೂರುವ ಹಬ್ ಮೇಲೆ ತುಕ್ಕಿನ ಪದರ ಇತ್ತು. ಬಿಚ್ಚಿ ಉಜ್ಜಿದ ಮೇಲೆ ಸರಿಹೋಯಿತು.

ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಟೈರು ಹಿಂದಕ್ಕೆ ತಿರುಗಿತು ಅಂತ ಗಾಬರಿ ಬೇಡ. ಡಿಫರೆನ್ಷಿಯಲ್ ಗುಣವೇ ಅದು.

ಪ್ಯಾಡ್ ನೋಡುವುದು

ಪ್ಯಾಡ್ ತೆಗೆಯುವ ಮುಂಚೆ ಎಡ ಒಳಗೆ, ಎಡ ಹೊರಗೆ ಅಂತ ಹಿಂಭಾಗದಲ್ಲಿ ಬರೆಯಿರಿ. ಎಷ್ಟು ಸವೆದಿದೆ ಅನ್ನೋದಕ್ಕಿಂತ ಹೇಗೆ ಸವೆದಿದೆ ಅನ್ನೋದು ಜಾಸ್ತಿ ಹೇಳುತ್ತದೆ, ಕಲಸಿಬಿಟ್ಟರೆ ಆ ಸುಳಿವು ಹೋಯಿತು.

ಒಳಗಿನದು ಚೆನ್ನಾಗಿ ಸವೆದು ಹೊರಗಿನದು ಹೊಸದರ ಹಾಗೇ ಇದೆಯಾ? ಕ್ಯಾಲಿಪರ್ ಪಿನ್ ಮೇಲೆ ಜಾರುತ್ತಿಲ್ಲ. ಈ ಮೆಕ್ಯಾನಿಕಲ್ ಕ್ಯಾಲಿಪರ್ ಒಂದು ಪ್ಯಾಡನ್ನು ಮಾತ್ರ ತಳ್ಳುತ್ತದೆ, ಆಮೇಲೆ ತಾನೇ ಪಕ್ಕಕ್ಕೆ ಸರಿದು ಇನ್ನೊಂದನ್ನು ಎಳೆದುಕೊಳ್ಳುತ್ತದೆ. ಪಿನ್ ತುಕ್ಕು ಹಿಡಿದರೆ ಸರಿಯುವುದಿಲ್ಲ, ತಳ್ಳಿದ್ದೆಲ್ಲ ಡಿಸ್ಕನ್ನು ಬಾಗಿಸೋಕೆ ಖರ್ಚು. ಪ್ಯಾಡ್ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಇದ್ದರೆ ಕ್ಯಾಲಿಪರ್ ಓರೆಯಾಗಿ ಕೂತಿದೆ, ಅದನ್ನು ಹಿಡಿದಿರುವ ಪಟ್ಟಿ ಬಾಗಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಬಿರುಕು ಕಂಡರೆ ಅದಕ್ಕೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ.

ದಪ್ಪದ ವಿಷಯ. ಕಬ್ಬಿಣದ ತಟ್ಟೆ ಬಿಟ್ಟು ಬರೀ ಸವೆಯುವ ಭಾಗ 3 ಮಿ.ಮೀ.ಗೆ ಬಂದರೆ ನಾನು ಬದಲಾಯಿಸುತ್ತೇನೆ. ಇನ್ನೂ ಓಡುತ್ತೆ ಅನ್ನುವವರಿದ್ದಾರೆ. ಓಡುತ್ತೆ ನಿಜ, ಆದರೆ ತೆಳು ಪ್ಯಾಡ್ ಶಾಖವನ್ನು ಬೇಗ ಕ್ಯಾಲಿಪರ್‌ಗೆ ದಾಟಿಸಿ ಒಳಗಿನ ಗ್ರೀಸ್ ಸುಡುತ್ತದೆ. ಕಡಿಮೆ ದುಡ್ಡಿನ ವಸ್ತು ಉಳಿಸೋಕೆ ಹೋಗಿ ದುಬಾರಿಯದ್ದು ಹಾಳು ಮಾಡಿದ ಹಾಗೆ. ಬದಲಾಯಿಸಿದರೆ ಎರಡೂ ಕಡೆ, ನಾಲ್ಕೂ ಪ್ಯಾಡ್. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಹಾಕಿದರೆ ಏಪ್ರಿಲ್‌ನಲ್ಲಿ ನನಗಾದದ್ದು ನಿಮಗೆ ಜೂನ್‌ನಲ್ಲಿ ಆಗುತ್ತದೆ.

ದಪ್ಪ ಇದೆ, ಮೇಲ್ಮೈ ಮಾತ್ರ ಹೊಳೆಯುತ್ತಿದೆ ಅಂದರೆ ಗಾಜಿನ ಮೇಲೆ 100 ನಂಬರಿನ ಉಪ್ಪುಕಾಗದ ಇಟ್ಟು, ಒದ್ದೆ ಮಾಡಿಕೊಂಡು, ಎಂಟು ಅಂಕಿ ಬರೆದ ಹಾಗೆ ಉಜ್ಜಿ. ಹೊಳಪು ಹೋಗಿ ಮಸುಕಾದರೆ ಸಾಕು. ಎಣ್ಣೆ ಕುಡಿದ ಪ್ಯಾಡ್‌ಗೆ ಮಾತ್ರ ಯಾವ ಚಿಕಿತ್ಸೆಯೂ ಇಲ್ಲ. ಬೆಂಕಿಯಲ್ಲಿ ಸುಟ್ಟು ಎಣ್ಣೆ ತೆಗೆಯುತ್ತೇವೆ ಅನ್ನುವವರು ಇದ್ದೇ ಇರುತ್ತಾರೆ. ಒಳಗೆ ಇಳಿದ ಎಣ್ಣೆ ಬ್ರೇಕ್ ಕಾದಾಗ ಮತ್ತೆ ಮೇಲೆ ಬರುತ್ತದೆ, ಅದೂ ಇಳಿಜಾರಿನಲ್ಲೇ ಬರುತ್ತದೆ. ಎಸೆಯಿರಿ.

ಕ್ಯಾಲಿಪರ್ ಒಳಗೆ

ಹಳೆ ಟ್ರ್ಯಾಕ್ಟರ್‌ನ ಒಣ ಡಿಸ್ಕ್ ಬ್ರೇಕ್ ಬಿಚ್ಚಿದವರಿಗೆ ಇದು ಹಳೆ ನೆಂಟ. ಎರಡು ಉಕ್ಕಿನ ಬಿಲ್ಲೆ, ಎದುರು ಬದುರು ಇಳಿಜಾರಿನ ಗುಳಿಗಳು, ಮಧ್ಯೆ ಉಕ್ಕಿನ ಗುಂಡುಗಳು. ಹೊರಗಿನ ತೋಳು ಎಳೆದರೆ ಒಂದು ಬಿಲ್ಲೆ ತಿರುಗುತ್ತದೆ, ಗುಂಡುಗಳು ಇಳಿಜಾರು ಹತ್ತುತ್ತವೆ, ಬಿಲ್ಲೆಗಳು ದೂರವಾಗಿ ಪ್ಯಾಡನ್ನು ತಳ್ಳುತ್ತವೆ. ಇಳಿಜಾರು ಇಷ್ಟೇ ಇಷ್ಟು ಉದ್ದ. ಗುಂಡು ಮೇಲೆ ಹತ್ತಿ ಮುಗಿದ ಮೇಲೆ ನೀವು ಎಷ್ಟು ಎಳೆದರೂ ಪ್ಯಾಡ್ ಮುಂದೆ ಹೋಗುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿಚ್ಚುವಾಗ ಫೋಟೋ ತೆಗೆದುಕೊಳ್ಳಿ, ತೋಳಿಗೂ ಬಿಲ್ಲೆಗೂ ಮಾರ್ಕರ್‌ನಲ್ಲಿ ಗೆರೆ ಹಾಕಿ. ತೋಳನ್ನು ಒಂದು ಹಲ್ಲು ಆಚೀಚೆ ಕೂರಿಸಿದರೂ ಇಡೀ ಸೆಟ್ಟಿಂಗ್ ಹೋಯಿತು. ಕೆಳಗೆ ತಟ್ಟೆ ಇಟ್ಟುಕೊಳ್ಳಿ, ಗುಂಡು ಉರುಳಿ ಗಾಡಿಯ ತಳಕ್ಕೆ ಬಿದ್ದರೆ ಕೆಸರಿನಲ್ಲಿ ಹುಡುಕುತ್ತಾ ಕೂರಬೇಕು. ಹಳೆ ಗ್ರೀಸ್ ಟಾರಿನ ಹಾಗೆ ಗಟ್ಟಿಯಾಗಿರುತ್ತದೆ, ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆಯಿರಿ. ಗುಳಿಯ ದಾರಿಯಲ್ಲಿ ಉಗುರಿಗೆ ಸಿಗುವ ಹಳ್ಳ ಬಿದ್ದಿದ್ದರೆ ಗುಂಡು ಅಲ್ಲೇ ಕೂತು ಲಿವರ್ ಅರ್ಧದಲ್ಲಿ ನಿಲ್ಲುತ್ತದೆ, ಆ ಸೆಟ್ ಬದಲಾಯಿಸಿ. ಶಾಖ ತಡೆಯುವ ಗ್ರೀಸ್ ತೆಳ್ಳಗೆ ಹಚ್ಚಿ. ತೆಳ್ಳಗೆ ಅಂದರೆ ದೋಸೆ ಕಾವಲಿಗೆ ಎಣ್ಣೆ ಸವರುವಷ್ಟು. ಜಾಸ್ತಿಯಾದರೆ ಕಾದು ಕರಗಿ ಪ್ಯಾಡ್‌ಗೆ ಇಳಿಯುತ್ತದೆ. ಜಾರುವ ಪಿನ್‌ಗಳನ್ನೂ ಉಜ್ಜಿ, ಸವರಿ, ಕ್ಯಾಲಿಪರ್ ಎರಡು ಬೆರಳಲ್ಲಿ ತಳ್ಳಿದರೆ ಸರಿಯುವಂತೆ ಮಾಡಿ.

ಸೆಟ್ಟಿಂಗ್: ಮೊದಲು ಕ್ಯಾಲಿಪರ್, ಕೊನೆಗೆ ಕೇಬಲ್

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಪ್ಯಾಡ್ ಸವೆದಾಗ ಎಲ್ಲರ ಕೈಯೂ ಮೊದಲು ಹೋಗೋದು ಕೇಬಲ್ ತುದಿಯ ನಟ್‌ಗೆ. ಕೈಗೆ ಸಿಗುತ್ತದೆ, ಎರಡು ಸುತ್ತು ಬಿಗಿ ಮಾಡಿದರೆ ಲಿವರ್ ಗಟ್ಟಿಯಾಗುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಆದರೆ ಹಾಗೆ ಮಾಡಿದಾಗ ಕ್ಯಾಲಿಪರ್ ತೋಳು ಸುಮ್ನೆ ಇರುವಾಗಲೇ ಅರ್ಧ ಎಳೆದುಕೊಂಡಿರುತ್ತದೆ. ಗುಂಡುಗಳು ಆಗಲೇ ಅರ್ಧ ಇಳಿಜಾರು ಹತ್ತಿ ಕೂತಿರುತ್ತವೆ. ಪ್ಯಾಡ್ ಇನ್ನಷ್ಟು ಸವೆದು ಮತ್ತೆ ಎರಡು ಸುತ್ತು ಬಿಗಿ ಮಾಡಿದರೆ, ಒಂದು ದಿನ ಗುಂಡುಗಳು ಮೇಲಿನ ತುದಿ ಮುಟ್ಟಿಬಿಡುತ್ತವೆ, ಪ್ಯಾಡ್ ಮಾತ್ರ ಡಿಸ್ಕನ್ನು ಇನ್ನೂ ಗಟ್ಟಿಯಾಗಿ ಒತ್ತಿರುವುದಿಲ್ಲ. ಏಪ್ರಿಲ್‌ನಲ್ಲಿ ನನ್ನ ಎಡ ಬ್ರೇಕ್ ಬಿಚ್ಚಿದಾಗ ಕಂಡದ್ದು ಇದೇ. ಪ್ಯಾಡ್‌ನಲ್ಲಿ ಇನ್ನೂ 4 ಮಿ.ಮೀ. ಇತ್ತು! ಕೇಬಲ್ ನಟ್ ಮಾತ್ರ ಕೊನೆಯವರೆಗೆ ಬಿಗಿದಿತ್ತು.

ಹಾಗಾಗಿ ಮೊದಲು ಕೇಬಲನ್ನು ತೋಳಿನಿಂದ ಪೂರ್ತಿ ಕಳಚಿ. ತೋಳು ತನ್ನಷ್ಟಕ್ಕೆ ಪೂರ್ತಿ ಹಿಂದಕ್ಕೆ ಹೋಗಿ ಕೂರಲಿ, ಹೋಗದಿದ್ದರೆ ವಾಪಸ್ ಎಳೆಯುವ ಸ್ಪ್ರಿಂಗ್ ಸತ್ತಿದೆ. ಈಗ ಕ್ಯಾಲಿಪರ್ ಮಧ್ಯದ ಸೆಟ್ಟಿಂಗ್ ಸ್ಕ್ರೂವಿನ ಲಾಕ್ ನಟ್ ಸಡಿಲಿಸಿ, ಡಿಸ್ಕ್ ಲಘುವಾಗಿ ಹಿಡಿಯುವವರೆಗೆ ಸ್ಕ್ರೂ ಒಳಗೆ ಹಾಕಿ. ಆಮೇಲೆ ಹಿಂದಕ್ಕೆ ಬಿಡುತ್ತಾ, ಪ್ಯಾಡಿಗೂ ಡಿಸ್ಕಿಗೂ ನಡುವೆ ಎರಡೂ ಕಡೆ 0.25 ಮಿ.ಮೀ. ಫೀಲರ್ ಗೇಜ್ ಹೋಗುವಷ್ಟು ಜಾಗ ಮಾಡಿ. ಟೈರು ತಿರುಗಿಸಿ ನೋಡಿ, ಎಲ್ಲೂ ಉಜ್ಜಬಾರದು. ಸ್ಕ್ರೂ ತಿರುಗದಂತೆ ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ, ಮತ್ತೆ ಗೇಜ್ ಹಾಕಿ ನೋಡಿ, ಬಿಗಿ ಮಾಡುವಾಗ ಅದು ಓಡಿರುತ್ತದೆ. ನನಗೆ ಸಾಮಾನ್ಯವಾಗಿ ಮೂರನೇ ಸಲಕ್ಕೆ ಸರಿಯಾಗುತ್ತದೆ.

ಈಗ ಕೇಬಲ್. ತೋಳು ಪೂರ್ತಿ ಹಿಂದೆ ಇರುವ ಹಾಗೇ ಕೇಬಲ್ ಸೇರಿಸಿ, 2ರಿಂದ 3 ಮಿ.ಮೀ. ಸಡಿಲ ಉಳಿಸಿ. ಕೇಬಲ್ ತೋಳನ್ನು ಕೂದಲೆಳೆಯಷ್ಟೂ ಎಳೆದಿರಬಾರದು. ಆಮೇಲೆ ಯಾರಿಗಾದರೂ ಲಿವರ್ ಎಳೆದು ಹಿಡಿಯಲು ಹೇಳಿ ತೋಳಿನ ಕೋನ ನೋಡಿ. ಪ್ಯಾಡ್ ಗಟ್ಟಿಯಾಗಿ ಹಿಡಿದ ಹೊತ್ತಿಗೆ ಕೇಬಲಿಗೂ ತೋಳಿಗೂ ನಡುವೆ ಸುಮಾರು 90 ಡಿಗ್ರಿ ಇದ್ದರೆ ನಿಮ್ಮ ಬಲವೆಲ್ಲ ಕೆಲಸಕ್ಕೆ ಬರುತ್ತದೆ. 60ಕ್ಕೆ ಇಳಿದರೆ ಅಥವಾ 120ಕ್ಕೆ ಏರಿದರೆ ನೂರರಲ್ಲಿ 87 ಪಾಲು ಮಾತ್ರ, 45 ಅಥವಾ 135 ಆದರೆ 71 ಪಾಲು. ಕೋನ ತೀರಾ ಆಚೀಚೆ ಇದ್ದರೆ ತೋಳನ್ನು ಬಿಚ್ಚಿ ಒಂದು ಹಲ್ಲು ಸರಿಸಿ ಕೂರಿಸಿ, ಸೆಟ್ಟಿಂಗ್ ಮೊದಲಿನಿಂದ.

ಕೇಬಲ್, ಪಿನ್, ಹಿಡಿಕೆ

ಕೇಬಲ್‌ನ ಒಂದು ಎಳೆ ಬಿಚ್ಚಿಕೊಂಡಿದ್ದರೂ ಬದಲಾಯಿಸಿ. ಹೊರಗಿನ ಕವಚ ಬಿರುಕು ಬಿಟ್ಟರೆ ನೀರು ಒಳಗೆ ಹೋಗುತ್ತದೆ. ಇಲ್ಲಿಯ ಚಳಿಗೆ ಅದು ಹೆಪ್ಪುಗಟ್ಟಿ, ಬೆಳಗ್ಗೆ ಗಾಡಿ ತೆಗೆದರೆ ಬ್ರೇಕ್ ಬಿಡುವುದೇ ಇಲ್ಲ. ರಾತ್ರಿ ಎಳೆದು ಬಿಟ್ಟಿದ್ದರಂತೂ ಮುಗೀತು.

ಲಿವರ್ ಬುಡದ ಪಿನ್ ಮತ್ತು ಅದರ ತೂತು ನೋಡೋದನ್ನು ಯಾರೂ ಮಾಡುವುದಿಲ್ಲ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಅಲ್ಲಿನ 1 ಮಿ.ಮೀ. ಆಟ ಉದ್ದ ಹಿಡಿಕೆಯ ತುದಿಗೆ ಬರುವಷ್ಟರಲ್ಲಿ ಒಂದು ಸೆಂಟಿಮೀಟರ್ ಹತ್ತಿರ ಆಗುತ್ತದೆ. ಇಂಥ ಮೂರು ಪಿನ್ ಇದ್ದರೆ ಲೆಕ್ಕ ಹಾಕಿಕೊಳ್ಳಿ. ಬಿಚ್ಚಿದ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ.

ಎರಡೂ ಕಡೆ ಸಮ ಇದೆಯಾ: ಸೂಟ್‌ಕೇಸ್ ತಕ್ಕಡಿ

ಊರಿಗೆ ಹೋಗುವಾಗ 23 ಕೆಜಿ ದಾಟಿತಾ ಅಂತ ಸೂಟ್‌ಕೇಸ್ ನೇತುಹಾಕಿ ನೋಡುವ ತಕ್ಕಡಿ ಇರುತ್ತದಲ್ಲ, ನಮ್ಮವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ತನ್ನಿ. ಗಾಡಿ ಸ್ಟ್ಯಾಂಡ್ ಮೇಲೆ, ಗೇರ್ ನ್ಯೂಟ್ರಲ್. ಟೈರಿನ ಅಂಚಿಗೆ ಪಟ್ಟಿ ಸುತ್ತಿ ತಕ್ಕಡಿ ಕೊಕ್ಕೆ ಹಾಕಿ ಎಳೆಯಿರಿ. ಬ್ರೇಕ್ ಹಾಕದೆ ಟೈರು ತಿರುಗಲು ಎಷ್ಟು ಕೆಜಿ ಬೇಕು, ಎಡಕ್ಕೂ ಬಲಕ್ಕೂ ಬರೆದುಕೊಳ್ಳಿ. ಒಂದು ಕಡೆ ಜಾಸ್ತಿ ಬಂದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ ಅಥವಾ ಚೈನು ತೀರಾ ಬಿಗಿ.

ಆಮೇಲೆ ಇನ್ನೊಂದು ಆಟ. ಅದೇ ತಕ್ಕಡಿಯಿಂದ ಎಡ ಲಿವರನ್ನು 10 ಕೆಜಿ ಬರುವವರೆಗೆ ಎಳೆದು, ಹಿಡಿಕೆ ಎಲ್ಲಿಗೆ ಬಂತು ಅಂತ ಟೇಪ್ ಅಂಟಿಸಿ. ಬಲಕ್ಕೂ ಹಾಗೇ. ಎರಡು ಟೇಪ್ ಒಂದು ಬೆರಳಿನ ಅಗಲದೊಳಗೆ ಇದ್ದರೆ ನನಗೆ ಸಮಾಧಾನ. ಹೆಚ್ಚು ಕಡಿಮೆ ಇದ್ದರೆ ಮತ್ತೆ ಕ್ಯಾಲಿಪರ್ ಸ್ಕ್ರೂ ಹತ್ತಿರ ಹೋಗಬೇಕು. ಕೇಬಲ್ ನಟ್ ಕಡೆ ಕೈ ಹೋದರೆ ಕೈಗೆ ನೀವೇ ಒಂದು ಏಟು ಹಾಕಿಕೊಳ್ಳಿ.

ಹೊಸ ಪ್ಯಾಡ್ ಪಳಗಿಸುವುದು

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಮಟ್ಟಸ ಜಾಗದಲ್ಲಿ 15 ಕಿ.ಮೀ. ವೇಗದಿಂದ ಮೆಲ್ಲಗೆ ನಿಲ್ಲಿಸಿ, ಒಂದು ನಿಮಿಷ ಸುಮ್ಮನೆ ಓಡಿಸಿ ಆರಲು ಬಿಡಿ, ಮತ್ತೆ ನಿಲ್ಲಿಸಿ. ಇಪ್ಪತ್ತು ಇಪ್ಪತ್ತೈದು ಸಲ. ಮಧ್ಯೆ ಮಧ್ಯೆ ಎಡಕ್ಕೆಷ್ಟೋ ಬಲಕ್ಕಷ್ಟೇ ತಿರುಗಿಸಿ, ಒಂದೇ ಕಡೆ ವೃತ್ತ ಹೊಡೆಯಬೇಡಿ. ಮನೆಗೆ ಬಂದು ಪೂರ್ತಿ ಆರಿದ ಮೇಲೆ 0.25 ಮಿ.ಮೀ. ಜಾಗ ಮತ್ತೊಮ್ಮೆ ನೋಡಿ, ಹೊಸ ಪ್ಯಾಡ್ ಕೂತುಕೊಂಡು ಸ್ವಲ್ಪ ಸಡಿಲ ಆಗಿರುತ್ತದೆ. ಇದಾದ ಮೇಲಷ್ಟೇ ಇಳಿಜಾರು, ಅದಾದ ಮೇಲೆ ನೀರು.

ಓಡಿಸುವಾಗ ಗಿರಕಿ ತಿರುವಿಗೆ ಕೆಳಗಿನ ಗೇರ್ ಹಾಕಿ. ಮೇಲಿನ ಗೇರ್‌ನಲ್ಲಿ ತಿರುಗಿಸಿದರೆ ಡಿಸ್ಕ್ ತುಂಬಾ ಕಾಯುತ್ತದೆ. ಲಿವರನ್ನು ಅರ್ಧ ಎಳೆದು ಹಿಡಿದೇ ಇರುವ ಅಭ್ಯಾಸ ಬಿಡಿ, ಎಳೆದು ಬಿಟ್ಟು ಎಳೆದು ಬಿಟ್ಟು ತಿರುಗಿಸಿ. ಹಿಮಕ್ಕೆ ಅಂತ ಟೈರುಗಳ ಸುತ್ತ ರಬ್ಬರ್ ಪಟ್ಟಿ ಹಾಕುವವರು ಪ್ಯಾಡನ್ನು ಎರಡು ಪಟ್ಟು ಸಲ ನೋಡುತ್ತಿರಿ, ಪಟ್ಟಿ ಇದ್ದರೆ ತಿರುಗಿಸಲು ಬೇಕಾದ ಬಲವೇ ಬೇರೆ.

ನೀರಿನಿಂದ ಮೇಲೆ ಬಂದ ಮೇಲೆ

ಡಿಸ್ಕ್ ಇರೋದು ಮೈಯ ಒಳಗೆ. ಅದು ನೆನೆದಿದೆ ಅಂದರೆ ಗಾಡಿಯೊಳಗೆ ನೀರಿದೆ. ಬ್ರೇಕಿಗಿಂತ ಮುಂಚೆ ಆಕ್ಸೆಲ್ ಸೀಲ್ ಎಲ್ಲಿ ಸೋರುತ್ತಿದೆ ಹುಡುಕಿ, ತಳದ ನೀರು ಹೊರಹಾಕುವ ಬಿಲ್ಜ್ ಪಂಪ್ ಓಡುತ್ತಿದೆಯಾ ನೋಡಿ. ದಡ ಹತ್ತಿದ ಕೂಡಲೇ ಕೆಳಗಿನ ಗೇರ್‌ನಲ್ಲಿ, ಎರಡೂ ಲಿವರ್ ಲಘುವಾಗಿ ಎಳೆದು ಬಿಡುತ್ತಾ ಐವತ್ತು ಮೀಟರ್ ಹೋಗಿ, ಡಿಸ್ಕ್ ಒಣಗುತ್ತದೆ. ಏರಿನ ದಡವಾದರೆ ಮಧ್ಯದಲ್ಲಿ ನಿಲ್ಲಿಸಲು ಹೋಗಬೇಡಿ.

ಮನೆಗೆ ಬಂದ ಮೇಲೆ ಮೊದಲು ಬ್ರೇಕ್ ಆರಲಿ, ಕಾದ ಡಿಸ್ಕಿಗೆ ತಣ್ಣೀರು ಬೇಡ. ಒಳಗಿನ ಕೆಸರು, ಒಣ ಹುಲ್ಲು, ಎಲೆ ಎಲ್ಲ ಕೈಯಿಂದ ತೆಗೆಯಿರಿ, ಕಾದ ಡಿಸ್ಕ್ ಸುತ್ತ ಅಥವಾ ಸೈಲೆನ್ಸರ್ ಹತ್ತಿರ ಒಣ ಹುಲ್ಲು ಇದ್ದರೆ ಬೆಂಕಿ ಹತ್ತುತ್ತದೆ. ಆರಿದ ಮೇಲೆ ಶುದ್ಧ ನೀರು ಹಾಕಿ ತೊಳೆಯಿರಿ, ಜೋರು ಪ್ರೆಷರ್ ವಾಷರ್ ಮಾತ್ರ ಸೀಲ್, ಕೇಬಲ್ ತುದಿಗೆ ಹಿಡಿಯಬೇಡಿ. ತಳದ ಡ್ರೈನ್ ಪ್ಲಗ್ ತೆಗೆದು ಗಾಡಿಯನ್ನು ಸ್ವಲ್ಪ ಓರೆ ಮಾಡಿ ನಿಲ್ಲಿಸಿ.

ಆ ಪ್ಲಗ್ಗನ್ನು ಕೀ ಗೊಂಚಲಿನ ಜೊತೆ ಕಟ್ಟಿಡಿ. ಜೂನ್‌ನಲ್ಲಿ ನಾನು ಬ್ರೇಕ್ ಎಲ್ಲ ಚೆನ್ನಾಗಿ ಸೆಟ್ ಮಾಡಿ, ತಕ್ಕಡಿ ಲೆಕ್ಕ ಎಲ್ಲ ನೋಡಿ, ಹೆಮ್ಮೆಯಿಂದ ಕೆರೆಗೆ ಇಳಿಸಿದೆ. ಪ್ಲಗ್ ಗ್ಯಾರೇಜಿನ ಮೇಜಿನ ಮೇಲಿತ್ತು.